ತಬಲಾ ಕೊಳ್ಳುವ ಮೊದಲು ತೊಗಲು ನೋಡಿ ಬನ್ನಿ

ಮಾನ್ಯ ಸಂಪಾದಕರಿಗೆ,

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಕೊಪ್ಪಳ ಜಿಲ್ಲೆಯ ಭಜನಾ ಮಂಡಳಿಗಳಿಗೆ ವಾದ್ಯದ ನೆನಪಾಗುತ್ತದೆ. ಕೆಲವರು ಪಟ್ಟಿ ಎತ್ತಿ ಕೊಳ್ಳುತ್ತಾರೆ, ಕೆಲವರಿಗೆ ದಾನಿಗಳು ಕೊಡಿಸುತ್ತಾರೆ, ಕೆಲವು ಕಡೆ ಪಂಚಾಯಿತಿ, ಶಾಲೆ, ಸಂಘದ ದುಡ್ಡಿನಲ್ಲಿ ಖರೀದಿ ನಡೆಯುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ವಾದ್ಯಪರಿಕರಕ್ಕೆಂದು ಧನಸಹಾಯದ ಅರ್ಜಿ ಕರೆಯುತ್ತದೆ. ದುಡ್ಡು ಯಾರದೇ ಇರಲಿ, ಕೊಟೇಶನ್ ಹಾಳೆಯಲ್ಲಿ ಬರೆಯುವುದು ಇಷ್ಟೇ: ‘ತಬಲಾ ಸೆಟ್ 1, ಹಾರ್ಮೋನಿಯಂ 1, ತಾಳ 2 ಜೊತೆ’. ಬಾಯಿ ಎಷ್ಟು ಇಂಚು, ಯಾವ ಮರ, ಯಾವ ಶ್ರುತಿ, ಎಡಗೈಯ ಡಗ್ಗಾ ಎಷ್ಟು ಕಿಲೋ ಎಂಬುದರ ಸುದ್ದಿಯೇ ಇಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ಜನ ನಾವು. ತಬಲಾ ಕೊಳ್ಳುವಾಗ ಮಾತ್ರ ಪಾಲಿಶ್ ನೋಡಿ ಎತ್ತಿಕೊಂಡು ಬರುತ್ತೇವೆ.

ಹಾಗೆ ಬಂದ ತಬಲಾ ಗಣಪತಿ ಹಬ್ಬ ದಾಟುವಷ್ಟರಲ್ಲಿ ‘ಠಪ್’ ಎನ್ನತೊಡಗುತ್ತದೆ. ನುಡಿಸುವವನ ಕೈ ಸರಿ ಇಲ್ಲ ಎಂಬ ಮಾತು ಬರುತ್ತದೆ. ಕೈಯದೇನೂ ತಪ್ಪಿಲ್ಲ. ಖರೀದಿಯ ಅಧಿಕಾರ ಇರುವವರು, ಮಂಡಳಿಯ ಹಿರಿಯರು, ಶಾಲೆಯ ಸಂಗೀತ ಮೇಷ್ಟ್ರು, ಯಾರೇ ಆಗಲಿ, ಹಾಳೆ ಬರೆಯುವ ಮೊದಲು ವಾದ್ಯ ಮಾಡುವವರ ಕೆಲಸದ ಮನೆಯಲ್ಲಿ ಅರ್ಧ ದಿನ ಕೂತು ಬರಬೇಕು ಎಂಬುದು ನಮ್ಮ ಕೋರಿಕೆ. ಅಲ್ಲಿ ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ತುಸು ಬಿಡಿಸಿ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮೆ ಇರಲಿ.

ಹೋಗುವುದಿದ್ದರೆ ಬೆಳಿಗ್ಗೆ ಹೋಗಿ, ಎಂಟು ಎಂಟೂವರೆಗೆ. ಹಸಿ ತೊಗಲಿನ ಕೆಲಸ ತಂಪು ಹೊತ್ತಿನಲ್ಲೇ ಆಗುತ್ತದೆ. ಬಿಸಿಲೇರಿದರೆ ಎಳೆಯುವಷ್ಟರಲ್ಲಿ ಅಂಚು ಒಣಗಿ ಬಿಗಿದುಕೊಳ್ಳುತ್ತದೆ, ನಡುಭಾಗ ಹಸಿ ಉಳಿಯುತ್ತದೆ. ಹಬ್ಬದ ಹಿಂದಿನ ವಾರ ಮಾತ್ರ ಬೇಡ. ಆಗ ಅವರಿಗೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ, ನಿಮಗೂ ಏನೂ ಕಾಣುವುದಿಲ್ಲ. ಚಪ್ಪಲಿ ಹೊರಗೆ ಬಿಡಿ, ನೆಲದ ಮೇಲಿಟ್ಟ ವಾದ್ಯ ದಾಟಬೇಡಿ, ಹೊಸ ಶಾಯಿಯ, ಅಂದರೆ ತಬಲಾದ ನಡುವಿನ ಕರಿ ಲೇಪದ, ಮೇಲೆ ಬೆರಳಿಡಬೇಡಿ. ಹಸಿ ತೊಗಲಿನ ವಾಸನೆ ಇರುತ್ತದೆ. ಮೂಗು ಮುಚ್ಚಿಕೊಂಡು ನಿಲ್ಲುವವರಿಗೆ ಯಾರೂ ಮನಸ್ಸಿಟ್ಟು ಕೆಲಸ ತೋರಿಸುವುದಿಲ್ಲ.

ಮೊದಲು ತೊಗಲನ್ನೇ ನೋಡಿ. ತಬಲಾಕ್ಕೂ ಡಗ್ಗಾಕ್ಕೂ ಬಳಸುವುದು ಆಡಿನ ತೊಗಲು. ಚಪ್ಪಲಿಗೆ ಹದ ಮಾಡಿದಂಥ ಚರ್ಮ ಇಲ್ಲಿ ನಡೆಯುವುದಿಲ್ಲ, ಅದು ಮೆತ್ತಗಾಗಿ ನಾದ ಸತ್ತುಹೋಗುತ್ತದೆ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಒಳಮೈಯ ಮಾಂಸದ ಪೊರೆ ಕೆರೆದು, ಬಿಗಿಯಾಗಿ ಎಳೆದು ಒಣಗಿಸಿದ ಕಚ್ಚಾ ತೊಗಲೇ ಆಗಬೇಕು. ಅನುಭವಸ್ಥರು ಒಣಗಿದ ತೊಗಲನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ನೀವೂ ಪಕ್ಕದಲ್ಲಿ ನಿಂತು ನೋಡಿ. ನಡುವೆ ದಟ್ಟಗೆ ಕಾಣುವ ಪಟ್ಟೆ ಬೆನ್ನೆಲುಬಿನ ಗೆರೆ. ಹೊಟ್ಟೆಯ ಕಡೆ ಹೋದಂತೆ ತೊಗಲು ತೆಳ್ಳಗಾಗಿ ಬೆಳಕು ಹೆಚ್ಚು ಹಾಯುತ್ತದೆ. ಬೆನ್ನಿನ ಗೆರೆ ಪುಡಾದ, ಅಂದರೆ ಬಾಯಿಗೆ ಹೊದಿಸುವ ತೊಗಲಿನ, ನಡುವೆ ಬಂದರೆ ಒಂದು ಬದಿಯ ಸ್ವರ ಒಂದು, ಇನ್ನೊಂದು ಬದಿಯದು ಇನ್ನೊಂದು. ಎಷ್ಟು ಬಿಗಿಸಿದರೂ ಅದು ಕೂಡುವುದಿಲ್ಲ. ಅದಕ್ಕೇ ಗೆರೆಯ ಎರಡೂ ಬದಿಗೆ, ದಪ್ಪ ಒಂದೇ ಸಮ ಇರುವ ಕಡೆ ಬಿಲ್ಲೆ ಕತ್ತರಿಸುತ್ತಾರೆ. ಬೆಳಕಿನಲ್ಲಿ ಸಣ್ಣ ಸಣ್ಣ ಚುಕ್ಕೆ ಕಂಡರೆ ಉಣ್ಣಿ ಕಚ್ಚಿದ ಕಲೆ. ಉದ್ದ ಗೀರು ಕಂಡರೆ ಸುಲಿಯುವಾಗ ಚೂರಿ ತಾಗಿದ್ದು. ಚೂರಿಯ ಗೀರು ಹೊರಗೆ ಗೊತ್ತಾಗುವುದೇ ಇಲ್ಲ, ಆದರೆ ಎಳೆದು ಬಿಗಿದ ಮೇಲೆ ಹರಿಯುವುದು ಅಲ್ಲಿಂದಲೇ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ತಬಲಾದಲ್ಲಿ ಇದನ್ನು ನೋಡಲು ದಾರಿಯೇ ಇಲ್ಲ.

ಪುಡಾ ಎಂದರೆ ಒಂದೇ ತೊಗಲು ಎಂದುಕೊಂಡವರು ಬಹಳ. ಅದರಲ್ಲಿ ಮೂರು ಪದರ ಇದೆ. ನಡುವಿನದು ಪೂರ್ತಿ ಬಿಲ್ಲೆ, ನಾದ ಕೊಡುವುದು ಅದೇ. ಅದರ ಮೇಲೆ ಅಂಚಿಗೆ ಬಳೆಯಂತೆ ಉಳಿಸಿದ ಪದರ ಚಾಟ್, ‘ನಾ’ ಎಂಬ ಬೆರಳೇಟು ಹೊಡೆಯುವ ಜಾಗ. ಕೆಳಗೆ, ಮರದ ಅಂಚಿಗೂ ನಡುವಿನ ತೊಗಲಿಗೂ ಮಧ್ಯೆ ಇನ್ನೊಂದು ಬಳೆ. ಕಣ್ಣಿಗೆ ಬೀಳದ ಈ ಕೆಳಗಿನ ಬಳೆಯನ್ನೇ ಅಗ್ಗದ ಕೆಲಸದಲ್ಲಿ ತುಂಡು ತುಂಡು ಜೋಡಿಸಿ ಮುಗಿಸುತ್ತಾರೆ. ಜೋಡಿಸಿದ ಕಡೆ ಗಂಟು ಎದ್ದು, ಅದರ ಮೇಲಿನ ತೊಗಲು ಸವೆಯುತ್ತದೆ. ಮೂರೂ ಪದರ ನೆನೆಸಿ, ಮರದ ಬಾಯಿಗೆ ಹೊದಿಸಿ, ಸುತ್ತ ತೂತು ಚುಚ್ಚಿ, ತೊಗಲಿನ ಎಳೆಗಳಿಂದ ಜಡೆಯಂತೆ ಹೆಣೆದದ್ದು ಗಜರಾ. ಅದರಲ್ಲಿ ಬಾರು ಹಾಯಲು 16 ಮನೆ. ಎಣಿಸಿ ನೋಡಿ, ಮನೆಯಿಂದ ಮನೆಗೆ ಅಂತರ ಒಂದೇ ಇದೆಯೋ ಇಲ್ಲವೋ ನೋಡಿ. ಒಂದು ಕಡೆ ಹತ್ತಿರ, ಒಂದು ಕಡೆ ದೂರ ಆಗಿದ್ದರೆ ಎಳೆತವೂ ಹಾಗೇ ಇರುತ್ತದೆ.

ಬಾರು ಎಮ್ಮೆ ತೊಗಲಿನದು. ಗಜರಾದಿಂದ ಇಳಿದು ತಳದ ಬಳೆಗೆ ಸುತ್ತಿ ಮತ್ತೆ ಮೇಲೇರುವಾಗ ಒಟ್ಟು 32 ಎಳೆ ಕಾಣುತ್ತವೆ. ನಾಲ್ಕು ನಾಲ್ಕು ಎಳೆಗೆ ಒಂದರಂತೆ ಎಂಟು ಗಟ್ಟಾ, ಅಂದರೆ ಮರದ ಗುಂಡುಕಟ್ಟಿಗೆ, ಒಳಗೆ ತೂರಿಸುತ್ತಾರೆ. ಇಲ್ಲಿ ಕೊಳ್ಳುವವರು ಮರೆಯದೆ ನೋಡಬೇಕಾದದ್ದೊಂದಿದೆ. ಗಟ್ಟಾ ಕೆಳಗೆ ಸರಿಸಿದಷ್ಟೂ ಬಾರು ಬಿಗಿಯುತ್ತದೆ, ಸ್ವರ ಏರುತ್ತದೆ. ಹೊಸ ತೊಗಲು ಮೊದಲ ಕೆಲವು ವಾರ ಸಡಿಲುತ್ತಲೇ ಹೋಗುವುದರಿಂದ ಮುಂದೆ ಕೆಳಗೆ ಸರಿಸಲು ಜಾಗ ಬೇಕು. ಆದ್ದರಿಂದ ಹೊಸ ತಬಲಾದಲ್ಲಿ ಗಟ್ಟಾ ಮೇಲ್ಭಾಗದಲ್ಲಿದ್ದೇ ಶ್ರುತಿ ಕೂಡಿರಬೇಕು. ಅಂಗಡಿಯಲ್ಲಿರುವಾಗಲೇ ಗಟ್ಟಾ ತಳಕ್ಕೆ ಕೂತಿದ್ದರೆ, ಬಾರು ಸಡಿಲ ಕಟ್ಟಿ ಗಟ್ಟಾದ ಬಲದಲ್ಲಿ ಸ್ವರ ತೋರಿಸುತ್ತಿದ್ದಾರೆ ಎಂದೇ ಅರ್ಥ. ಅಂಥದ್ದು ತಿಂಗಳೊಳಗೆ ಬಾರು ಬಿಗಿಸಲು ವಾಪಸು ಬರುತ್ತದೆ. ಬಾರು ಬಿಗಿಸುವುದು ಕೈಬೆರಳಿನ ಕೆಲಸವಲ್ಲ. ಒಬ್ಬರು ಕಾಲು ಕೊಟ್ಟು ಎಳೆಯಬೇಕು, ಎಳೆದದ್ದು ಜಾರದಂತೆ ಹಿಡಿಯಬೇಕು.

ಇನ್ನು ಶಾಯಿ. ಹೋದವರು ನೋಡಿಯೇ ಬರಬೇಕಾದ ಕೆಲಸ ಇದು. ಇದಕ್ಕೆ ಹೊತ್ತು ಬೇಕು, ಅರ್ಧ ದಿನ ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ. ಕಬ್ಬಿಣದ ಅಂಶದ ಕರಿಪುಡಿ ಗುಜರಾತಿನ ಭಾವನಗರದ ಕಡೆಯಿಂದ ಬರುತ್ತದೆ. ಅದನ್ನು ಅನ್ನದ ಅಥವಾ ಮೈದಾ ಹಿಟ್ಟಿನ ಅಂಟಿನೊಂದಿಗೆ ರೊಟ್ಟಿಹಿಟ್ಟಿಗಿಂತ ಮೆತ್ತಗೆ ನಾದುತ್ತಾರೆ. ಗಂಟು ಉಳಿಯಬಾರದು. ಮೊದಲು ತೊಗಲಿನ ಮೇಲೆ ಬರಿಯ ಅಂಟಿನ ತೆಳು ಲೇಪ, ಅದು ಹಿಡಿದ ಮೇಲೆ ಕರಿಹಿಟ್ಟಿನ ಮೊದಲ ಸುತ್ತು. ಐದೂವರೆ ಇಂಚಿನ ಬಾಯಿಗೆ ಶಾಯಿಯ ಅಗಲ ಸುಮಾರು ಮೂರಿಂಚು. ಹೆಬ್ಬೆರಳಿನಿಂದ ಸವರಿ, ಇನ್ನೂ ಪೂರ್ತಿ ಒಣಗದಿರುವಾಗಲೇ ನುಣುಪಾದ ಕರಿಗಲ್ಲಿನಿಂದ ತಿಕ್ಕಲು ಶುರು. ತಿಕ್ಕಿ ತಿಕ್ಕಿ ಮೇಲೆ ಸಣ್ಣ ಬಿರುಕಿನ ಜಾಲ ಎದ್ದಾಗ ಮುಂದಿನ ಸುತ್ತು, ಮೊದಲಿನದಕ್ಕಿಂತ ತುಸು ಕಿರಿದು. ಹೀಗೆ ಪದರದ ಮೇಲೆ ಪದರ ಹಾಕುತ್ತಾ ನಡುವೆ ಉಬ್ಬು, ಅಂಚಿಗೆ ತೆಳುವು ಮಾಡುತ್ತಾರೆ. ಪ್ರತಿ ಪದರಕ್ಕೂ ಕಲ್ಲು ಆಡಲೇಬೇಕು.

ಆ ಬಿರುಕು ದೋಷ ಎಂದುಕೊಂಡು ‘ಹೊಸದಕ್ಕೇ ಸೀಳು ಬಿದ್ದಿದೆ’ ಎಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಶಾಯಿಯ ಜೀವವೇ ಆ ಬಿರುಕು. ಒಡೆಯದ ಒಂದೇ ಹೆಪ್ಪು ಇದ್ದರೆ ತೊಗಲಿನ ಜೊತೆ ಬಾಗುವುದಿಲ್ಲ. ಬಾಗದ ಮೇಲೆ ನಾದವೂ ಇಲ್ಲ, ಒಂದು ದಿನ ಇಡೀ ಹಕ್ಕಳೆ ಎದ್ದು ಬರುತ್ತದೆ. ಬಿರುಕು ಕೂದಲೆಳೆಯಷ್ಟು ಸಣ್ಣದಾಗಿ, ಎಲ್ಲೆಡೆ ಒಂದೇ ಸಮ ಹರಡಿರಬೇಕು. ದೊಡ್ಡ ದೊಡ್ಡ ಚೌಕ ಕಂಡರೆ ಬೇಗ ಒಣಗಿಸಿದ್ದಾರೆ, ಕಲ್ಲು ಕಡಿಮೆ ಆಡಿದೆ ಎಂದು ತಿಳಿಯಿರಿ. ನೆಲದಲ್ಲಿ ನೀರಾರಿದ ಎರೆಮಣ್ಣನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಶಾಯಿ ಹಾಕುವಾಗ ವಾದ್ಯ ಮಾಡುವವರು ಫ್ಯಾನ್ ಆರಿಸುವುದೂ ಇದಕ್ಕೇ. ಸೆಕೆ ಎಂದು ಹಾಕಲು ಹೋಗಬೇಡಿ.

ಬರೀ ಬಿಗಿದ ತೊಗಲಿಗೆ ಹೊಡೆದರೆ ಅದರ ಉಪನಾದಗಳು ಮೂಲನಾದದ 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ, ಅದಕ್ಕೇ ಡೊಳ್ಳಿಗೆ ಅಬ್ಬರ ಇದೆ, ಸ್ವರ ಇಲ್ಲ. ನಡುವೆ ಶಾಯಿಯ ತೂಕ ಕೂತಾಗ ಆ ಉಪನಾದಗಳು ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ಬಂದು ಕೂಡುತ್ತವೆ. ತಂತಿವಾದ್ಯದಂತೆ ತಬಲಾ ‘ಸಾ’ ಹಿಡಿಯುವುದು ಹೀಗೆ. ಸರ್ ಸಿ.ವಿ. ರಾಮನ್ 1920ರಲ್ಲಿ ಒಮ್ಮೆ, 1934ರಲ್ಲಿ ಮತ್ತೊಮ್ಮೆ ಇದರ ಬಗ್ಗೆ ಪ್ರಬಂಧ ಬರೆದು ತೋರಿಸಿಕೊಟ್ಟರು. ಹೆಬ್ಬೆರಳಿನ ಲೆಕ್ಕದಲ್ಲಿ ಪದರ ಹಾಕುವವರಿಗೆ ಅದು ಅಷ್ಟರೊಳಗೇ ಕೈಗೆ ಬಂದಿತ್ತು. ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಕಂಪನದ ಪಾಠ ಮಾಡುವ ದಿನ ಇಂಥ ಒಂದು ಅಂಗಡಿಗೆ ಕರೆತಂದರೆ, ಶಾಯಿ ಇಲ್ಲದ ಪುಡಾ, ಅರ್ಧ ಶಾಯಿಯ ಪುಡಾ, ಪೂರ್ತಿ ಆದದ್ದು, ಮೂರಕ್ಕೂ ಬೆರಳು ಹೊಡೆಸಿ ಕೇಳಿಸಬಹುದು. ಐದು ನಿಮಿಷದ ಕೆಲಸ.

ಮರದ ವಿಷಯ. ಶೀಶಂ ಒಳ್ಳೆಯದು, ಬೇವು, ಹಲಸು, ಹೊನ್ನೆಯವೂ ಇವೆ. ಮಾವಿನದು ಹಗುರ, ಅಗ್ಗ. ಮರದ ಹೆಸರಿಗಿಂತ ಅದು ಎಷ್ಟು ಒಣಗಿದೆ ಎಂಬುದೇ ದೊಡ್ಡದು. ನೆರಳಿನಲ್ಲಿ ವರ್ಷಗಟ್ಟಲೆ ಆರಿದ ಮರ ಬೇಕು. ಹಸಿ ಮರದಲ್ಲಿ ಕೊರೆದ ಹೊಳ್ಳು, ಅಂದರೆ ತಬಲಾದ ಟೊಳ್ಳು ಮೈ, ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ದುಂಡು ಹೋಗಿ ಮೊಟ್ಟೆಯಾಕಾರ ಆಗುತ್ತದೆ, ಇಲ್ಲವೇ ಬುಡದಿಂದ ಸೀಳುತ್ತದೆ. ಸೀಳಿಗೆ ಪುಟ್ಟಿ ತುಂಬಿ ಮೇಲೆ ಪಾಲಿಶ್ ಹೊಡೆದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಪುಡಾ ಇಳಿಸಿದಾಗ ಒಳಗೆ ಕೈ ಹಾಕಿ ನೋಡಿದರೆ ತಿಳಿಯುತ್ತದೆ. ಹತ್ತು ಹತ್ತೂವರೆ ಇಂಚು ಎತ್ತರದ ತಬಲಾವನ್ನು ಬುಡದವರೆಗೂ ಕೊರೆಯುವುದಿಲ್ಲ, ಕೆಳಗೆ ಗಟ್ಟಿ ಮರ ಉಳಿಸುತ್ತಾರೆ. ಎತ್ತಿದರೆ ಭಾರ ಬುಡದಲ್ಲಿ ಕೂತಿರಬೇಕು. ಬಾಯಿಯ ಅಂಚು ಮಟ್ಟವಾಗಿದೆಯೇ ಎಂದು ನೋಡಲು ಬರಿಯ ಹೊಳ್ಳನ್ನು ಗಾಜಿನ ಹಲಗೆಯ ಮೇಲೆ ಬೋರಲು ಹಾಕಿ, ಸಂದಿನಲ್ಲಿ ಬೆಳಕು ಹಾಯುತ್ತದೆಯೇ ಎಂದು ಬಗ್ಗಿ ನೋಡಿ. ಅಂಚಿನ ಮೂಲೆ ಚೂಪಾಗಿದ್ದರೆ ತೊಗಲನ್ನು ಅದೇ ಕತ್ತರಿಸುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಪುಡಾ ಹರಿಯುವ ತಬಲಾಕ್ಕೆ ಹೊಸ ಪುಡಾ ಹಾಕಿಸುವುದು ದಂಡ, ಮೊದಲು ಅಂಚು ಉಜ್ಜಿಸಬೇಕು.

ಡಗ್ಗಾ ಹಿತ್ತಾಳೆಯದಾದರೆ ಮೂರು ಕಿಲೋದ ಆಸುಪಾಸು ಇರಲಿ, ತಾಮ್ರದ್ದಾದರೆ ಇನ್ನೂ ಒಳ್ಳೆಯದು. ತೆಳು ತಗಡಿನದು ಪಾತ್ರೆಯಂತೆ ಕಣಕಣ ಅನ್ನುತ್ತದೆ, ಮೀಂಡಿಗೆ, ಅಂದರೆ ಸ್ವರ ಜಾರಿಸಲು, ಅಂಗೈ ಒತ್ತಿದರೆ ಸಿಂಬಿಯ ಮೇಲೆ ಓಲಾಡುತ್ತದೆ. ಡಗ್ಗಾದ ಶಾಯಿ ನಡುವೆ ಇಲ್ಲದೆ ಒಂದು ಬದಿಗೆ ಇರುವುದನ್ನು ಕಂಡು ‘ವಾರೆ ಹಾಕಿದ್ದಾರೆ’ ಎಂದು ಬಿಲ್ಲು ತಡೆದ ಕಡೆಗಳೂ ಇವೆ. ಅಂಗೈ ಊರಲು ಜಾಗ ಬೇಕೆಂದೇ ಅದನ್ನು ಹಾಗೆ ಹಾಕುವುದು.

ಅಳತೆ ಬರೆಯುವುದು ಹೇಗೆ? ಬಾಯಿ ಕಿರಿದಾದಷ್ಟೂ ಸ್ವರ ಮೇಲೆ. ಗಂಡಸರ ಮಂಡಳಿ ಸಾಮಾನ್ಯವಾಗಿ ಪೇಟಿಯ, ಅಂದರೆ ಹಾರ್ಮೋನಿಯಂನ, ಬಿಳಿ ಒಂದನೇ ಮನೆಯಿಂದ ಕರಿ ಎರಡನೇ ಮನೆಯೊಳಗೆ ಹಾಡುತ್ತದೆ, ಅದಕ್ಕೆ ಐದೂಕಾಲು ಐದೂವರೆ ಇಂಚಿನ ಬಾಯಿ ಸಾಕು. ಹೆಣ್ಣುಮಕ್ಕಳ ಮಂಡಳಿಗೆ ಬೇರೆ ತಬಲಾ ಬೇಕಾಗುತ್ತದೆ ಎಂದು ಹೇಳಿ ಎರಡು ಸೆಟ್ ಮಾರುವುದುಂಟು. ಯಾವಾಗಲೂ ಬೇಕಿಲ್ಲ. ಅವರು ಕರಿ ನಾಲ್ಕಕ್ಕೆ ಹಾಡುವುದಾದರೆ ಕರಿ ಒಂದಕ್ಕೆ ಕೂಡಿಸಿದ ತಬಲಾ ಮಧ್ಯಮವಾಗಿ ಒದಗುತ್ತದೆ, ಕರಿ ಎರಡಕ್ಕೆ ಕೂಡಿಸಿದ್ದು ಪಂಚಮವಾಗಿ. ಆದರೆ ಇರುವ ತಬಲಾವನ್ನು ಅದರ ಸಹಜ ಸ್ವರದಿಂದ ಎರಡು ಮೂರು ಮನೆ ಮೇಲಕ್ಕೆ ಬಲವಂತದಿಂದ ಏರಿಸಬೇಡಿ. ನಾದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಚಾಟ್ ಬಳಿ ತೊಗಲು ಬಿಡುತ್ತದೆ. ಕೆಳಗಿಳಿಸಿದರೂ ಅಷ್ಟೇ, ಶಾಯಿಯ ಅಂಚು ಗರಗರ ಎನ್ನುತ್ತದೆ.

ನಮ್ಮ ಭಾಗದ ಹವೆಯ ಮಾತೇ ಬೇರೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕಾಲುವೆ ನೀರು ಬಂದು ಗದ್ದೆ ತುಂಬಿದರೆ ಸಂಜೆಯ ಗಾಳಿಯೇ ಹಸಿ. ಅದೇ ತಿಂಗಳು ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಊರಿನಲ್ಲಿ ಗಾಳಿ ಒಣಗಿರುತ್ತದೆ. ಯಲಬುರ್ಗಾದಲ್ಲಿ ಕೂಡಿಸಿದ ತಬಲಾ ಕಾರಟಗಿಯ ಭಜನೆಯಲ್ಲಿ ಇಳಿದರೆ ಮಾಡಿದವರನ್ನು ಬಯ್ಯಬೇಡಿ, ತೊಗಲು ಗಾಳಿಯ ನೀರು ಕುಡಿದಿದೆ. ವೇದಿಕೆಗೆ ಒಂದು ತಾಸು ಮೊದಲೇ ಒಯ್ದಿಟ್ಟು, ಅಲ್ಲಿಯ ಹವೆಗೆ ಹೊಂದಿದ ಮೇಲೆ ಶ್ರುತಿ ಮಾಡಿ. ಇಳಿಯಿತೆಂದು ಹಲಗೆ ವಾದ್ಯ ಕಾಸಿದಂತೆ ಬೆಂಕಿಗೆ ಹಿಡಿಯುವವರಿದ್ದಾರೆ. ಹಲಗೆಗೆ ಶಾಯಿ ಇಲ್ಲ, ಕಾಸಿದರೆ ಬಿಗಿಯುತ್ತದೆ. ತಬಲಾದ ಶಾಯಿ ಹಿಟ್ಟಿನ ಅಂಟಿನಲ್ಲಿ ನಿಂತದ್ದು, ಶಾಖಕ್ಕೆ ಮೇಲೇಳುತ್ತದೆ. ಬೇಸಿಗೆಯ ತಪ್ಪು ಇದಕ್ಕೆ ತಿರುವುಮುರುವು. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟಿದಾಗ ಬಾಗಿಲು ಮುಚ್ಚಿದ ಟಂಟಂ ಗಾಡಿಯಲ್ಲಿ ಮಧ್ಯಾಹ್ನವಿಡೀ ಬಿಟ್ಟ ತಬಲಾ, ಯಾರೂ ಮುಟ್ಟದೆ, ತಾನೇ ಹರಿಯುತ್ತದೆ. ಹರಿಯುವುದು ಬಹುತೇಕ ಗಜರಾದ ಬಳಿ. ಬೇಸಿಗೆಯಲ್ಲಿ ನುಡಿಸಿದ ಮೇಲೆ ಗಟ್ಟಾ ತುಸು ಮೇಲಕ್ಕೆ ಸರಿಸಿ, ಹತ್ತಿ ತುಂಬಿದ ಗವಸು ಹಾಕಿಡಿ.

ಶ್ರುತಿ ಮಾಡುವಾಗ ಸುತ್ತಿಗೆ ಗಜರಾದ ಮೇಲಿನಿಂದ ಬಿದ್ದರೆ ಸ್ವರ ಏರುತ್ತದೆ, ಕೆಳಗಿನಿಂದ ಬಿದ್ದರೆ ಇಳಿಯುತ್ತದೆ. ಒಂದು ಕಡೆ ಹೊಡೆದ ಮೇಲೆ ಅದರ ಎದುರು ಬದಿಗೆ ಹೊಡೆಯಬೇಕು, ಸುತ್ತುತ್ತಾ ಹೋಗಬಾರದು. ಸುತ್ತಿಗೆಯ ಏಟು ಗಜರಾ ತಪ್ಪಿ ಚಾಟ್ ಮೇಲೆ ಬಿದ್ದರೆ ಅಂದೇ ಪುಡಾದ ಆಯುಷ್ಯ ಮುಗಿಯಿತು. ಕೈ ಜಾರಲೆಂದು ಪೌಡರ್ ಸುರಿಯುವ ಚಟವೂ ಬೇಡ. ಅದು ಬೆವರಿನೊಂದಿಗೆ ಕಲಸಿ ಶಾಯಿಯ ಬಿರುಕಿನೊಳಗೆ ಕೂರುತ್ತದೆ. ಗುಡಿಯ ಮೂಲೆಯಲ್ಲಿ ಬಿಚ್ಚಿಟ್ಟರೆ ಇಲಿ ಬಿಡುವುದಿಲ್ಲ. ಒಂದು ಕಡೆ ತೊಗಲು, ಇನ್ನೊಂದು ಕಡೆ ಅನ್ನದ ಅಂಟು, ಅದಕ್ಕೆ ಎರಡೂ ಊಟವೇ.

ಪೇಟಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ಅದರ ಹಿತ್ತಾಳೆ ರೀಡುಗಳಿಗೆ ಗುಜರಾತಿನ ಪಾಲಿತಾಣಾ ಹೆಸರುವಾಸಿ. ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಜೋಡಣೆ, ರಿಪೇರಿ. ನೋಡಬೇಕಾದದ್ದು ಗಾಳಿ ನಿಲ್ಲುತ್ತದೆಯೇ ಎಂದು. ಎಲ್ಲ ಸ್ಟಾಪ್ ಮುಚ್ಚಿ, ತಿದಿ ಪೂರ್ತಿ ತುಂಬಿಸಿ ಕೈಬಿಡಿ. ಒಳ್ಳೆಯ ಪೇಟಿಯಲ್ಲಿ ಅರ್ಧ ನಿಮಿಷವಾದರೂ ಗಾಳಿ ಉಳಿಯಬೇಕು. ತಕ್ಷಣ ಇಳಿದರೆ ತಿದಿಯ ಮಡಿಕೆಯಲ್ಲೋ, ಮನೆಗಳ ಕೆಳಗಿನ ತೊಗಲಿನ ಮೆತ್ತೆಯಲ್ಲೋ ಸೋರಿಕೆ ಇದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದು ಕೆರೆದು ತೆಳುವಾದ ರೀಡು ಒಂದು ದಿನ ಮುರಿಯುತ್ತದೆ. ಅದಕ್ಕೇ ಪ್ರತಿವರ್ಷ ‘ಶ್ರುತಿ ಮಾಡಿಕೊಡಿ’ ಎಂದು ಇಡೀ ಪೇಟಿ ಒಪ್ಪಿಸಬೇಡಿ, ಯಾವ ಮನೆ ತಪ್ಪಿದೆ ಎಂದು ಗುರುತು ಹಾಕಿ ಕೊಡಿ. ಮಳೆಗಾಲದಲ್ಲಿ ಮನೆ ಒತ್ತಿದ್ದು ಮೇಲೇಳದಿದ್ದರೆ ಮರ ಉಬ್ಬಿದೆ ಅಷ್ಟೇ, ಸ್ಪ್ರಿಂಗ್ ಬದಲಿಸುವ ಅವಸರ ಬೇಡ.

ತಂಬೂರಿ ಬೇಕಾದವರು ಮಹಾರಾಷ್ಟ್ರದ ಮಿರಜಕ್ಕೇ ಹೋಗುತ್ತಾರೆ. ಅಲ್ಲಿಯ ಸಿತಾರ್, ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ತತ್ವಪದದವರ ಏಕತಾರಿ, ಹುಲಿಗಿಯ ಹುಣ್ಣಿಮೆಗೆ ಬರುವ ಜೋಗತಿಯರ ಚೌಡಿಕೆ ಮಾತ್ರ ಇಂದಿಗೂ ಅವರವರೇ ಸೋರೆಬುರುಡೆ, ಬಿದಿರು, ತೊಗಲು ಹುಡುಕಿ ಕಟ್ಟಿಕೊಳ್ಳುವಂಥವು. ಅವುಗಳ ಬಗ್ಗೆ ಬಲ್ಲವರು ಬರೆದರೆ ಚೆನ್ನ.

ಹಲಗೆಗೆ ಈಗ ಫೈಬರ್ ಹಾಳೆ, ಕಬ್ಬಿಣದ ಬಳೆ ಬಂದಿದೆ. ಮಳೆಗೆ ಅಂಜುವುದಿಲ್ಲ, ಕಾಸುವ ಕೆಲಸವಿಲ್ಲ, ಮೆರವಣಿಗೆಗೆ ಅನುಕೂಲ. ತಪ್ಪೇನಿಲ್ಲ. ಆದರೆ ಅದೇ ಧೈರ್ಯದಲ್ಲಿ ತಬಲಾಕ್ಕೂ ಪ್ಲಾಸ್ಟಿಕ್ ಪುಡಾ ಕೇಳುವವರು ಹುಟ್ಟಿಕೊಂಡಿದ್ದಾರೆ. ಸ್ವರವೇ ಬೇಡ, ಗದ್ದಲ ಸಾಕು ಎಂದರೆ ತಗೊಳ್ಳಲಿ.

ಒಂದು ಮಾತು ಇಲ್ಲಿ ಹೇಳದಿದ್ದರೆ ಆಗದು. ತಬಲಾ ಗರ್ಭಗುಡಿಯ ಎದುರು ಕೂರುತ್ತದೆ, ಪೂಜೆಯ ದಿನ ಅದಕ್ಕೆ ಕುಂಕುಮ ಹೂವು ಏರುತ್ತದೆ. ತೊಗಲು ಸುಲಿದು, ಸುಣ್ಣಕ್ಕೆ ಹಾಕಿ, ಕೆರೆದು ಕೊಟ್ಟ ಕೈಗಳನ್ನು ಅದೇ ಗುಡಿಯ ಕಟ್ಟೆಯ ಕೆಳಗೆ ನಿಲ್ಲಿಸಿದ ಊರುಗಳು ಇವು. ಈ ಕಸುಬಿಗೆ ಮಕ್ಕಳು ಬರುತ್ತಿಲ್ಲ ಎಂದು ಸಭೆಯಲ್ಲಿ ಮರುಗುವವರು ಇದನ್ನೂ ನೆನೆಯಲಿ. ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಮನೆಗೆ ಅಧಿಕಾರಿಗಳು, ಪ್ರವಾಸಿಗರು, ಶಾಲಾ ಮಕ್ಕಳು ಹೋಗುತ್ತಾರೆ. ಹಗುರ ಮರ, ಹುಣಸೆಬೀಜದ ಅಂಟು, ಬಣ್ಣ ಎಲ್ಲವನ್ನೂ ನೋಡಿ ಬರುತ್ತಾರೆ, ಬಹಳ ಒಳ್ಳೆಯದು. ಅದೇ ಪ್ರವಾಸದಲ್ಲಿ ಒಂದು ತಾಸು ತಬಲಾ ಪುಡಾ ಕಟ್ಟುವವರ ಅಂಗಡಿಗೂ ಇಡಬಹುದಲ್ಲ.

ಹಾಳೆ ಬರೆಯುವವರಿಗೆ ಕೊನೆಯದಾಗಿ. ‘ತಬಲಾ ಸೆಟ್ 1’ ಎನ್ನುವ ಬದಲು ಬಾಯಿಯ ಇಂಚು, ಮರ, ಪೇಟಿಯ ಯಾವ ಮನೆಗೆ ಕೂಡಬೇಕು, ಡಗ್ಗಾದ ಲೋಹ ಮತ್ತು ತೂಕ, ಗಟ್ಟಾ ಮೇಲ್ಭಾಗದಲ್ಲಿದ್ದಾಗಲೇ ಶ್ರುತಿ ಕೂಡಿರಬೇಕೆಂಬ ಮಾತು, ಇಷ್ಟನ್ನು ಬರೆಯಿರಿ. ಜೊತೆಗೆ ಒಂದು ಬಿಡಿ ಪುಡಾ, ಎರಡು ಸಿಂಬಿ, ಸುತ್ತಿಗೆ, ಗವಸು ಸೇರಿಸಿ. ಮೂರು ತಿಂಗಳೊಳಗೆ ಒಂದು ಸಲ ಬಾರು ಬಿಗಿಸಿಕೊಡಬೇಕೆಂದೂ ಹಾಕಿ, ಅದರ ಕೂಲಿಯನ್ನು ಬೆಲೆಯಲ್ಲೇ ಸೇರಿಸಿಕೊಡಿ. ತೆಗೆದುಕೊಳ್ಳುವ ದಿನ ನುಡಿಸುವವರೊಬ್ಬರನ್ನು ಕರೆದೊಯ್ದು, ಗಜರಾದ ಹದಿನಾರೂ ಮನೆಯ ಎದುರಿಗೆ ಚಾಟ್ ಮೇಲೆ ಒಂದೊಂದು ‘ನಾ’ ಹೊಡೆಸಿ ಕೇಳಿ. ಹದಿನಾರೂ ಒಂದೇ ಸ್ವರ ಬಂದರೆ ಸಹಿ ಮಾಡಿ. ಬರದಿದ್ದರೆ ಅಲ್ಲೇ ಬಿಟ್ಟು ಬನ್ನಿ, ‘ತೊಗಲು ಇನ್ನೂ ಕೂತಿಲ್ಲ, ಎರಡು ದಿನ ಬಿಟ್ಟು ಬರ್ರಿ’ ಎಂದರೆ ಎರಡು ದಿನ ಬಿಟ್ಟೇ ಹೋಗಿ. ಶ್ರಾವಣಕ್ಕೆ ಒಂದೂವರೆ ತಿಂಗಳು ಮೊದಲೇ ಹೇಳಿದರೆ ಈ ಎರಡು ದಿನ ಇಬ್ಬರಿಗೂ ಭಾರವಲ್ಲ.

— ಭಜನಾ ಮಂಡಳಿಯೊಂದರ ವಾದ್ಯದವರು,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ